ಸಿಜೈರೋ ವಿಮರ್ಶೆ: ಡಿಕ್ಕಿಗಳ ಲೆಕ್ಕದಲ್ಲಿ ಪಕ್ಕಾ, ಮೆಮೊರಿ ವಿಷಯದಲ್ಲಿ ಹೊಟ್ಟೆಬಾಕ

ಟೋಕಮಾಕ್‌ನ (ಬಿಸಿ ಪ್ಲಾಸ್ಮಾವನ್ನು ಕಾಂತಕ್ಷೇತ್ರದಿಂದ ಹಿಡಿದಿಡುವ, ಉಂಗುರದಾಕಾರದ ಸಮ್ಮಿಳನ ಯಂತ್ರ) ಒಡಲಲ್ಲಿ ಶಾಖ ಕಾಂತಕ್ಷೇತ್ರವನ್ನು ಅಡ್ಡಹಾಯ್ದು ಹೊರಗೆ ಸೋರುವುದು ಬಹುಮಟ್ಟಿಗೆ ಸುಳಿಗಳ ಮೂಲಕ. ಅಯಾನ್‌ನ ಜೈರೋ ತ್ರಿಜ್ಯದ (ಕಾಂತರೇಖೆಯ ಸುತ್ತ ಅದು ಗಿರಕಿ ಹೊಡೆಯುವ ವೃತ್ತದ ತ್ರಿಜ್ಯ) ಕೆಲವೇ ಪಟ್ಟು ದೊಡ್ಡದಾದ ಈ ಸುಳಿಗಳು ತಾಪಮಾನದ ಇಳಿಜಾರಿನಿಂದ ಶಕ್ತಿ ಹೀರಿ ಬೆಳೆಯುತ್ತವೆ. ಬಿಡಿ ಕಣಗಳ ಡಿಕ್ಕಿಯಿಂದ ಆಗುವ ಸೋರಿಕೆ ಇದರ ಮುಂದೆ ಸಣ್ಣದು. ಈ ಸುಳಿಗಳನ್ನು ಐದು ಆಯಾಮದಲ್ಲಿ, ಅಂದರೆ ಜಾಗಕ್ಕೆ ಮೂರು, ವೇಗಕ್ಕೆ ಎರಡು ಇಟ್ಟುಕೊಂಡು ಲೆಕ್ಕ ಹಾಕುವ ಜೈರೋಕೈನೆಟಿಕ್ ಕೋಡ್‌ಗಳು ಈಗ ಹಲವಾರಿವೆ. ಅವುಗಳಲ್ಲಿ ಸಿಜೈರೋ ಯಾರಿಗೆ ಒಗ್ಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಇಲ್ಲಿಯ ವಿಷಯ.

ತೀರ್ಪನ್ನು ಮೊದಲೇ ಹೇಳಿಬಿಡಬಹುದು. ಡಿಕ್ಕಿಗಳು ಲೆಕ್ಕಕ್ಕೆ ಬರುವ ಜಾಗದಲ್ಲಿ, ಅದರಲ್ಲೂ ಪ್ಲಾಸ್ಮಾದ ಅಂಚಿನ ಕಡೆಗೆ ಹೋದಂತೆ, ಇದಕ್ಕಿಂತ ನೆಚ್ಚಬಹುದಾದ ಸ್ಥಳೀಯ ಕೋಡ್ (ಇಡೀ ಯಂತ್ರದ ಬದಲು ಒಂದು ತ್ರಿಜ್ಯದ ಸುತ್ತಲಿನ ಸಣ್ಣ ಪೆಟ್ಟಿಗೆಯನ್ನಷ್ಟೇ ಲೆಕ್ಕ ಹಾಕುವಂಥದ್ದು) ಸಿಗುವುದು ಕಷ್ಟ. ಆದರೆ ತಪ್ಪು ಉತ್ತರ ಬಂದಾಗ ಹತ್ತರಲ್ಲಿ ಒಂಬತ್ತು ಸಲ ದೋಷ ಕೋಡ್‌ನದಲ್ಲ, ಅದಕ್ಕೆ ಕೊಟ್ಟ ಇನ್‌ಪುಟ್ ಕಡತದ್ದು. ಕೊಟ್ಟದ್ದನ್ನು ಅದು ಚಾಚೂ ತಪ್ಪದೆ ಪಾಲಿಸುತ್ತದೆ, ಕೊಟ್ಟದ್ದು ಅರ್ಥವಿಲ್ಲದ್ದಾದರೂ ಸರಿ.

ಹಿನ್ನೆಲೆ ಚುಟುಕಾಗಿ. ಜನರಲ್ ಅಟಾಮಿಕ್ಸ್‌ನಲ್ಲಿ ಜೆಫ್ ಕ್ಯಾಂಡಿ ಮತ್ತು ರೊನಾಲ್ಡ್ ವಾಲ್ಟ್ಜ್ ಕಟ್ಟಿದ ಜೈರೋ ಕೋಡ್ ಇದರ ಹಿರಿಯಣ್ಣ. 2016ರಲ್ಲಿ ಕ್ಯಾಂಡಿ, ಎಮಿಲಿ ಬೆಲ್ಲಿ ಮತ್ತು ಬ್ರಾವೆನೆಕ್ ಪ್ರಕಟಿಸಿದ ಸಿಜೈರೋ ಅದರ ದುರಸ್ತಿ ಅಲ್ಲ, ಬುಡದಿಂದ ಹೊಸದು. ತ್ರಿಜ್ಯದ ದಿಕ್ಕಿನಲ್ಲಿ ಸ್ಪೆಕ್ಟ್ರಲ್ (ಬಿಂದುಗಳ ಬದಲು ಅಲೆಗಳ ಮೊತ್ತವಾಗಿ ಬರೆಯುವ ವಿಧಾನ), ವೇಗದ ಜಾಗದಲ್ಲಿ ಅದೇ ಜಾತಿಯ, ಆದರೆ ಆಯ್ದ ಬಿಂದುಗಳ ಮೇಲೆ ನಡೆಯುವ ಸೂಡೋಸ್ಪೆಕ್ಟ್ರಲ್. ನಿಯೋಕ್ಲಾಸಿಕಲ್ ಲೆಕ್ಕಕ್ಕೆಂದು, ಅಂದರೆ ಡಿಕ್ಕಿಗಳಿಂದಾಗುವ ಸೋರಿಕೆಯ ಲೆಕ್ಕಕ್ಕೆಂದು, ಇದ್ದ ನಿಯೋ ಕೋಡ್‌ನ ವೇಗದ ಜಾಲರಿಯನ್ನೇ ಇಲ್ಲಿ ಬಳಸಿಕೊಂಡಿದ್ದಾರೆ: ಒಂದು ಅಕ್ಷ ಶಕ್ತಿ, ಇನ್ನೊಂದು ಪಿಚ್ ಕೋನದ (ಕಣದ ವೇಗಕ್ಕೂ ಕಾಂತರೇಖೆಗೂ ನಡುವಿನ ಕೋನ) ಕೊಸೈನ್. ಹಳೆಯ ಜೈರೋದ ಜಾಲರಿ ಸಿಕ್ಕಿಬಿದ್ದ ಕಣಗಳ (ಕಾಂತಕ್ಷೇತ್ರ ದುರ್ಬಲವಿರುವ ಕಡೆ ಹಿಂದೆ ಮುಂದೆ ಓಡಾಡುತ್ತ ಉಳಿಯುವವು) ಗಡಿಗೆ ಹೇಳಿ ಹೊಲಿಸಿದ್ದು. ಡಿಕ್ಕಿ ಕಡಿಮೆ ಇರುವ ಒಳಭಾಗಕ್ಕೆ ಅದು ಸೊಗಸು, ಡಿಕ್ಕಿ ಹೆಚ್ಚಾದಾಗ ತೊಡಕು. ಹೊಸ ಜಾಲರಿಯ ಮೇಲೆ ಸುಗಾಮಾ ಡಿಕ್ಕಿ ಆಪರೇಟರ್ (ಬೇರೆ ಬೇರೆ ಬಗೆಯ ಕಣಗಳ ಡಿಕ್ಕಿಯನ್ನು ನಿಖರವಾಗಿ ಲೆಕ್ಕಕ್ಕೆ ತರುವ ಸೂತ್ರ) ಚೆನ್ನಾಗಿ ಕೂರುತ್ತದೆ. ಕೋಡ್ ಗ್ಯಾಕೋಡ್ ಎಂಬ ಕಂತೆಯ ಭಾಗವಾಗಿ ಗಿಟ್‌ಹಬ್‌ನಲ್ಲಿ ತೆರೆದೇ ಇದೆ.

ಅನುಸ್ಥಾಪನೆ ಹೆದರುವಷ್ಟು ಕಷ್ಟವಿಲ್ಲ. ಫೋರ್ಟ್ರಾನ್ ಕಂಪೈಲರ್, ಎಂಪಿಐ (ಪ್ರೊಸೆಸರ್‌ಗಳು ಪರಸ್ಪರ ಮಾತಾಡುವ ಸಾಧನ), ಲ್ಯಾಪ್ಯಾಕ್, ಎಫ್ಎಫ್‌ಟಿಡಬ್ಲ್ಯು ಇದ್ದು, ಗ್ಯಾಕೋಡ್_ರೂಟ್ ಮತ್ತು ಗ್ಯಾಕೋಡ್_ಪ್ಲಾಟ್‌ಫಾರ್ಮ್ ಎಂಬ ಎರಡು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ಸರಿಯಾಗಿ ಕೊಟ್ಟರೆ ಅರ್ಧ ಕೆಲಸ ಮುಗಿಯಿತು. ಹೆಸರಾಂತ ಸೂಪರ್‌ಕಂಪ್ಯೂಟರ್‌ಗಳಿಗೆ ಬೇಕಾದ ಮೇಕ್ ಕಡತಗಳು ಪ್ಲಾಟ್‌ಫಾರ್ಮ್ ಫೋಲ್ಡರ್‌ನಲ್ಲೇ ಸಿಗುತ್ತವೆ. ನಿಮ್ಮ ಕ್ಲಸ್ಟರ್ ಆ ಪಟ್ಟಿಯಲ್ಲಿಲ್ಲದಿದ್ದರೆ ಹತ್ತಿರದ್ದೊಂದನ್ನು ನಕಲು ಮಾಡಿ ತಿದ್ದಬೇಕು. ಇಲ್ಲಿ ಎಡವುವುದು ಸಾಮಾನ್ಯವಾಗಿ ಕಂಪೈಲ್ ಮಾಡುವಾಗ ಅಲ್ಲ, ಓಡಿಸುವ ಸ್ಕ್ರಿಪ್ಟ್‌ನಲ್ಲಿ. ಮೇಕ್ ಕಡತ ತಿದ್ದಿದವರು ಎಂಪಿಐ ಲಾಂಚರ್ ಇರುವ ಎಕ್ಸಿಕ್ಯೂಟ್ ಕಡತವನ್ನು ಮರೆಯುತ್ತಾರೆ. ಕಟ್ಟಿದ ಮೇಲೆ ರಿಗ್ರೆಷನ್ ಪರೀಕ್ಷೆಗಳನ್ನು (ಗೊತ್ತಿರುವ ಉತ್ತರಗಳೊಂದಿಗೆ ತಾಳೆ ನೋಡುವವು) ಓಡಿಸದೆ ಮುಂದೆ ಹೋಗಬಾರದು. ಅವೆಲ್ಲ ಪಾಸ್ ಎನ್ನಲಿ, ಆಮೇಲೆ ನಿಮ್ಮ ಪ್ಲಾಸ್ಮಾ.

ಇನ್ನು ಮೊದಲ ನಿಜವಾದ ಪರೀಕ್ಷೆ. ಈ ಕ್ಷೇತ್ರದಲ್ಲಿ ಎಲ್ಲರೂ ಕೈ ಪಳಗಿಸಿಕೊಳ್ಳುವುದು ಸೈಕ್ಲೋನ್ ಬೇಸ್ ಕೇಸ್ ಎಂಬ ಮಾದರಿ ಪ್ಲಾಸ್ಮಾದ ಮೇಲೆ. ಪ್ರಕಟಿತ ಸಂಖ್ಯೆಗಳು ಇವು: ತಾಪಮಾನದ ಇಳಿಜಾರು (ಉಂಗುರದ ದೊಡ್ಡ ತ್ರಿಜ್ಯವನ್ನು ತಾಪಮಾನ ಇಳಿಯುವ ಉದ್ದದಿಂದ ಭಾಗಿಸಿದ್ದು) ಆರ್/ಎಲ್‌ಟಿ 6.9, ಸಾಂದ್ರತೆಯದು 2.2, ಕ್ಯೂ (ಕಾಂತರೇಖೆ ಅಡ್ಡಕ್ಕೆ ಒಂದು ಸುತ್ತು ಬರುವಷ್ಟರಲ್ಲಿ ಉಂಗುರದುದ್ದಕ್ಕೆ ಹಾಕುವ ಸುತ್ತುಗಳು) 1.4, ಶಿಯರ್ (ತ್ರಿಜ್ಯದೊಂದಿಗೆ ಕ್ಯೂ ಬದಲಾಗುವ ದರ) 0.78, ಸ್ಥಳೀಯ ತ್ರಿಜ್ಯಕ್ಕೂ ದೊಡ್ಡ ತ್ರಿಜ್ಯಕ್ಕೂ ಇರುವ ಅನುಪಾತ 0.18. ಹೊಸಬರು ಈ 6.9 ಅನ್ನು ತಂದು ಹಾಗೇ ಡಿಎಲ್‌ಎನ್‌ಟಿಡಿಆರ್ ಎಂಬ ಸಾಲಿನಲ್ಲಿ ಬರೆದುಬಿಡುತ್ತಾರೆ. ತಪ್ಪು. ಸಿಜೈರೋದಲ್ಲಿ ಉದ್ದದ ಮಾನ ದೊಡ್ಡ ತ್ರಿಜ್ಯವಲ್ಲ, ಪ್ಲಾಸ್ಮಾದ ಅಡ್ಡಕೊಯ್ತದ ಕಿರು ತ್ರಿಜ್ಯ. ದೊಡ್ಡ ತ್ರಿಜ್ಯ ಅದರ 2.78 ಪಟ್ಟು ಎಂದು ಇಟ್ಟುಕೊಂಡರೆ ಬರೆಯಬೇಕಾದದ್ದು 2.48, ಸಾಂದ್ರತೆಗೆ 0.8, ಆರ್_ಮಿನ್ 0.5, ಆರ್_ಮೇಜ್ 2.78. ಅದರ ಬದಲು 6.9 ಬರೆದರೆ ಇಳಿಜಾರು ಮೂರು ಪಟ್ಟಿಗೆ ಹತ್ತಿರ ಕಡಿದಾಗುತ್ತದೆ. ಲೀನಿಯರ್ ಓಟದಲ್ಲಿ (ಸುಳಿಗಳು ಪರಸ್ಪರ ಬೆರೆಯದೆ ಒಂದೊಂದೇ ಬೆಳೆಯುವ ಲೆಕ್ಕ) ಬೆಳವಣಿಗೆ ದರ ಏನೋ ಒಂದು ಬರುತ್ತದೆ, ಯಾವ ಎಚ್ಚರಿಕೆಯೂ ಇಲ್ಲ. ನಾನ್‌ಲೀನಿಯರ್‌ಗೆ (ಸುಳಿಗಳು ಒಂದಕ್ಕೊಂದು ತಾಗುವ ಪೂರ್ಣ ಲೆಕ್ಕ) ಹೋದಾಗ ಫ್ಲಕ್ಸ್, ಅಂದರೆ ಶಾಖ ಪ್ರವಾಹ, ಏರಿದ್ದೇ ಏರಿದ್ದು.

ಇದರ ಸೋದರ ತಪ್ಪು ವೇಗದ ಮಾನದ್ದು. ಇಲ್ಲಿ ವೇಗದ ಮಾನ ಟಿ/ಎಂ ಇದರ ವರ್ಗಮೂಲ, ಟಿ ಎಲೆಕ್ಟ್ರಾನ್ ತಾಪಮಾನ, ಎಂ ಡ್ಯುಟೀರಿಯಂ ದ್ರವ್ಯರಾಶಿ. ಜಿಎಸ್2 ಎಂಬ ಇನ್ನೊಂದು ಕೋಡ್ ಬಳಸುವುದು 2ಟಿ/ಎಂ ವರ್ಗಮೂಲವನ್ನು. ಎರಡು ಕೋಡ್‌ಗಳ ಬೆಳವಣಿಗೆ ದರ ಹೋಲಿಸುವಾಗ ಉತ್ತರದಲ್ಲಿ 1.41 ಪಟ್ಟಿನ ವ್ಯತ್ಯಾಸ ಕಂಡರೆ ಭೌತಶಾಸ್ತ್ರವನ್ನು ದೂರಬೇಡಿ, ಮೊದಲು ಇದನ್ನು ನೋಡಿ. ಆವರ್ತನದ ಚಿಹ್ನೆಯೂ ಹೀಗೇ: ಸಿಜೈರೋದ ಸಾಮಾನ್ಯ ರೂಢಿಯಲ್ಲಿ ಋಣ ಎಂದರೆ ಅಲೆ ಸಾಗುವುದು ಅಯಾನ್ ದಿಕ್ಕಿಗೆ, ಜೀನ್ ಕೋಡ್‌ನಲ್ಲಿ ಧನ ಎಂದರೆ ಅಯಾನ್ ದಿಕ್ಕು. ಇದನ್ನು ಗಮನಿಸದೆ ಐಟಿಜಿಯನ್ನು (ಅಯಾನ್ ತಾಪಮಾನದ ಇಳಿಜಾರಿನ ಮೋಡ್) ಟಿಇಎಂ (ಸಿಕ್ಕಿಬಿದ್ದ ಎಲೆಕ್ಟ್ರಾನ್‌ಗಳ ಮೋಡ್) ಎಂದು ಕರೆದರೆ ಮುಂದಿನ ವಾದವೆಲ್ಲ ತಲೆಕೆಳಗು.

ಲೀನಿಯರ್ ಓಟ ಅಗ್ಗ ಮತ್ತು ಚುರುಕು. ಒಂದೇ ಕೆವೈ (ಕಾಂತರೇಖೆಗೆ ಅಡ್ಡವಾಗಿ, ಜೈರೋ ತ್ರಿಜ್ಯದ ಮಾನದಲ್ಲಿ ಅಳೆದ ತರಂಗಸಂಖ್ಯೆ), ಎನ್_ಟೊರಾಯ್ಡಲ್ (ಅಂಥ ಮೋಡ್‌ಗಳ ಸಂಖ್ಯೆ) 1, ಥೀಟಾಗೆ (ಕಾಂತರೇಖೆಯುದ್ದಕ್ಕೂ ಸಾಗುವ ಕೋನ) 24, ಪಿಚ್‌ಗೆ 16, ಶಕ್ತಿಗೆ 8 ಬಿಂದು ಎಂಬ ಡೀಫಾಲ್ಟ್‌ಗಳೇ ಬಹಳಷ್ಟು ಕಡೆ ಸಾಕಾಗುತ್ತವೆ. ತ್ರಿಜ್ಯದ ದಿಕ್ಕಿನ ಮೋಡ್‌ಗಳ ಸಂಖ್ಯೆ, ಎನ್_ರೇಡಿಯಲ್, ಡೀಫಾಲ್ಟ್ 4 ಮಾತ್ರ ಸಾಲದು. ಚಲಿಸುವ ಎಲೆಕ್ಟ್ರಾನ್ (ಅದರ ಚಲನೆಯನ್ನೂ ಪೂರ್ತಿ ಲೆಕ್ಕ ಹಾಕುವುದು) ಇದ್ದರೆ ಮೋಡ್ ಬಲೂನಿಂಗ್ ಕೋನದಲ್ಲಿ, ಅಂದರೆ ಕಾಂತರೇಖೆಯ ಗುಂಟ, ಉದ್ದಕ್ಕೆ ಚಾಚಿಕೊಳ್ಳುತ್ತದೆ, ಅದನ್ನು ಏರಿಸಿ ನೋಡಬೇಕು. ಇದು ಇನಿಷಿಯಲ್ ವ್ಯಾಲ್ಯೂ ವಿಧಾನ (ಕಾಲದಲ್ಲಿ ಹೆಜ್ಜೆ ಹಾಕುತ್ತ ಹೋಗುವುದು) ಆದ್ದರಿಂದ ಎಲ್ಲಕ್ಕಿಂತ ವೇಗವಾಗಿ ಬೆಳೆಯುವ ಮೋಡ್ ಒಂದೇ ಕಣ್ಣಿಗೆ ಬೀಳುತ್ತದೆ. ಅಯಾನ್ ಮೋಡ್, ಎಲೆಕ್ಟ್ರಾನ್ ಮೋಡ್ ಎರಡೂ ಸರಿಸಮವಾಗಿ ಬೆಳೆಯುವ ಕಡೆ ಆವರ್ತನ ಓಲಾಡುತ್ತಲೇ ಇರುತ್ತದೆ, ಓಟ ನಿಲ್ಲಿಸುವ ಫ್ರೀಕ್_ಟಾಲ್ ಎಂಬ ಟಾಲರೆನ್ಸ್ (ಸಹ್ಯ ದೋಷದ ಮಿತಿ) ಮುಟ್ಟುವುದಿಲ್ಲ. ಅಂಥ ಕಡೆ ಟಾಲರೆನ್ಸ್ ಸಡಿಲಿಸಿ ಉತ್ತರ ಪಡೆದುಕೊಳ್ಳುವುದು ಕಳ್ಳದಾರಿ. ಇಳಿಜಾರನ್ನು ತುಸು ಆಚೀಚೆ ಮಾಡಿ ಯಾವ ಮೋಡ್ ಯಾವುದಕ್ಕೆ ಸ್ಪಂದಿಸುತ್ತದೆ ಎಂದು ನೋಡುವುದು ಸರಿಯಾದ ದಾರಿ.

ನಾನ್‌ಲೀನಿಯರ್‌ಗೆ ಬಂದಾಗ ಪೆಟ್ಟಿಗೆಯ ಅಳತೆಯೇ ಮೊದಲ ತಲೆನೋವು. ಇಲ್ಲಿ ಕೆವೈ ಎಂದರೆ ಸೊನ್ನೆಯಲ್ಲದ ಮೊದಲ ಮೋಡ್. 0.05 ಕೊಟ್ಟು ಎನ್_ಟೊರಾಯ್ಡಲ್ 16 ಎಂದರೆ 0.75ರವರೆಗೆ ಹೋದಂತಾಯಿತು, ಅಯಾನ್ ಸುಳಿಗಳಿಗೆ ಒಪ್ಪುವ ವ್ಯಾಪ್ತಿ. ತ್ರಿಜ್ಯದ ಉದ್ದವನ್ನು ನೀವು ನೇರವಾಗಿ ಕೊಡುವಂತಿಲ್ಲ. ಬಾಕ್ಸ್_ಸೈಜ್ ಎಂಬ ಪೂರ್ಣಾಂಕವನ್ನು ಶಿಯರ್ ಮತ್ತು ಕೆವೈಗಳ ಗುಣಲಬ್ಧದಿಂದ ಭಾಗಿಸಿದರೆ ಬರುವುದೇ ಉದ್ದ, ಜೈರೋ ತ್ರಿಜ್ಯಗಳಲ್ಲಿ. ಸೈಕ್ಲೋನ್ ಕೇಸ್‌ಗೆ ಶಿಯರ್ 0.78, ಬಾಕ್ಸ್_ಸೈಜ್ 5 ಹಾಕಿದರೆ ಸುಮಾರು 128. ಎನ್_ರೇಡಿಯಲ್ ಈ 5ರ ಗುಣಕವೇ ಆಗಬೇಕು. 160 ಇಟ್ಟರೆ ತ್ರಿಜ್ಯದ ತರಂಗಸಂಖ್ಯೆ ಹತ್ತಿರ ಹತ್ತಿರ 4ರವರೆಗೆ ಹೋಗುತ್ತದೆ, ಸಾಕು. ಒಂದೇ ಇನ್‌ಪುಟ್ ಕಡತವನ್ನು ಬೇರೆ ತ್ರಿಜ್ಯಕ್ಕೆ ನಕಲು ಮಾಡಿದಾಗ ಕೆಡುವುದು ಇಲ್ಲೇ. ಒಳಗೆ ಶಿಯರ್ 0.1 ಇರುವಲ್ಲಿ ಬಾಕ್ಸ್_ಸೈಜ್ 1 ಆದರೂ ಉದ್ದ 200. ಅದೇ 5 ಬಿಟ್ಟರೆ 1000 ಆಗಿ, 160 ಮೋಡ್‌ಗಳಲ್ಲಿ ಸುಳಿಗಳೇ ಸರಿಯಾಗಿ ಮೂಡುವುದಿಲ್ಲ. ಅಂಚಿನಲ್ಲಿ ಶಿಯರ್ 3 ಆದರೆ ತಿರುಗುಮುರುಗು: 5ಕ್ಕೆ ಸಿಗುವುದು 33 ಮಾತ್ರ, ಎರಡು ಸುಳಿ ಒಂದರ ಬಾಲ ಒಂದು ಕಚ್ಚಿಕೊಂಡಂತೆ. ಬಾಕ್ಸ್_ಸೈಜ್ 20ಕ್ಕೆ ಏರಿಸಬೇಕಾಗುತ್ತದೆ.

ಈಗ ಹೊಟ್ಟೆಬಾಕತನದ ವಿಷಯ. ಮೇಲಿನ ಜಾಲರಿಯಲ್ಲಿ ಜಾಗದ ಬಿಂದುಗಳು 160×24×16, ಅಂದರೆ 61,440. ವೇಗದ ಬಿಂದುಗಳು ಅಯಾನ್, ಎಲೆಕ್ಟ್ರಾನ್ ಎರಡೂ ಸೇರಿ 16×8×2, ಅಂದರೆ 256. ಈ ಪೆಟ್ಟಿಗೆಯ ಕಣಗಳ ಇಡೀ ವಿತರಣೆ, ಕಾಂಪ್ಲೆಕ್ಸ್ ಸಂಖ್ಯೆಗೆ 16 ಬೈಟ್‌ನಂತೆ, ಸುಮಾರು 250 ಎಂಬಿಯಲ್ಲಿ ಹಿಡಿಯುತ್ತದೆ. ಲ್ಯಾಪ್‌ಟಾಪಿಗೂ ಭಾರವಲ್ಲ. ಆದರೆ ಡಿಕ್ಕಿಯನ್ನು ಇಂಪ್ಲಿಸಿಟ್ ಆಗಿ (ಮುಂದಿನ ಹೆಜ್ಜೆಯ ಮೌಲ್ಯವನ್ನೂ ಸಮೀಕರಣದಲ್ಲಿಟ್ಟು) ಬಿಡಿಸಲು ಪ್ರತಿ ಜಾಗದ ಬಿಂದುವಿಗೂ ಒಂದೊಂದು 256×256 ಮ್ಯಾಟ್ರಿಕ್ಸ್ ಮೆಮೊರಿಯಲ್ಲಿ ಕೂತಿರುತ್ತದೆ. 8 ಬೈಟ್‌ನಂತೆ ಅದು 32 ಜಿಬಿ. ಕಲ್ಮಶವಾಗಿ ಕಾರ್ಬನ್ ಒಂದನ್ನು ಸೇರಿಸಿ ಮೂರು ಬಗೆ ಕಣ ಮಾಡಿದರೆ ವೇಗದ ಬಿಂದು 384. ಕಣಬಗೆ ಒಂದೂವರೆ ಪಟ್ಟಾಯಿತು, ಮ್ಯಾಟ್ರಿಕ್ಸ್ ಎರಡೂಕಾಲು ಪಟ್ಟಾಗಿ 72 ಜಿಬಿ ದಾಟಿತು. ವರ್ಗದಲ್ಲಿ ಬೆಳೆಯುವ ಲೆಕ್ಕ ಇದು. ಜಿಪಿಯು ಮೇಲೆ ಓಡಿಸುವವರಿಗೆ ಎಷ್ಟು ಕಾರ್ಡ್ ಬೇಕೆಂದು ತೀರ್ಮಾನಿಸುವುದು ಲೆಕ್ಕದ ವೇಗಕ್ಕಿಂತ ಹೆಚ್ಚಾಗಿ ಈ ಮ್ಯಾಟ್ರಿಕ್ಸೇ. ಸಿಂಗಲ್ ಪ್ರಿಸಿಷನ್‌ನಲ್ಲಿ ಇಟ್ಟುಕೊಳ್ಳುವ ಆಯ್ಕೆ ಇದೆ, ಅರ್ಧ ಉಳಿಯುತ್ತದೆ. ಕಣದ ದಿಕ್ಕು ಬದಲಾಗುವುದನ್ನಷ್ಟೇ ಲೆಕ್ಕಿಸುವ ಸರಳ ಲೊರೆಂಟ್ಜ್ ಡಿಕ್ಕಿ ಮಾದರಿಗೆ ಇಳಿದು ಮೆಮೊರಿ ಉಳಿಸಬಹುದು ನಿಜ, ಆದರೆ ಸುಗಾಮಾ ಆಪರೇಟರ್‌ಗಾಗಿ ಈ ಕೋಡ್ ಹಿಡಿದು ಕೊನೆಗೆ ಅದನ್ನೇ ಬಿಟ್ಟರೆ ಬೇರೆ ಕೋಡ್ ಸಾಕಿತ್ತಲ್ಲ!

ಓಡಿಸುವ ಮೊದಲು ಟೆಸ್ಟ್ ಮೋಡ್ ತಪ್ಪದೆ ಬಳಸಿ. ಈ ಕೋಡ್‌ನ ಅತ್ಯಂತ ಸಜ್ಜನಿಕೆಯ ಸೌಲಭ್ಯ ಇದು. ಕ್ಷಣದಲ್ಲಿ ಮುಗಿದು, ಮೆಮೊರಿ ಎಷ್ಟು, ಎಷ್ಟು ಎಂಪಿಐ ಟಾಸ್ಕ್ ನಡೆಯುತ್ತದೆ ಎಂಬ ಪಟ್ಟಿ ಕೊಡುತ್ತದೆ. ಡೀಫಾಲ್ಟ್ ವ್ಯವಸ್ಥೆಯಲ್ಲಿ ಟಾಸ್ಕ್ ಸಂಖ್ಯೆ ಎನ್_ಟೊರಾಯ್ಡಲ್‌ನ ಗುಣಕ ಆಗಿರಬೇಕು, ಅದರಿಂದ ಭಾಗಿಸಿ ಬಂದ ಸಂಖ್ಯೆ ವೇಗದ ಬಿಂದುಗಳನ್ನೂ ಥೀಟಾ-ತ್ರಿಜ್ಯದ ಬಿಂದುಗಳನ್ನೂ ಶೇಷವಿಲ್ಲದೆ ಭಾಗಿಸಬೇಕು. ಮೇಲಿನ ಉದಾಹರಣೆಯಲ್ಲಿ 256 ಮತ್ತು 3840. ಎರಡಕ್ಕೂ 256 ಹೊಂದುತ್ತದೆ, ಹಾಗಾಗಿ 4096 ಟಾಸ್ಕ್‌ವರೆಗೆ ಹೋಗಬಹುದು. ಪಿಚ್ ಬಿಂದುಗಳನ್ನು 16ರಿಂದ 18ಕ್ಕೆ ಏರಿಸಿ ನೋಡಿ: 288 ಮತ್ತು 3840ಕ್ಕೆ ಸಾಮಾನ್ಯವಾದದ್ದು 96 ಮಾತ್ರ, ಮಿತಿ 1536ಕ್ಕೆ ಕುಸಿಯಿತು. ರೆಸಲ್ಯೂಷನ್ ಏರಿಸುವಾಗ ಎರಡರ ಘಾತಗಳತ್ತ ವಾಲುವುದು ಇದಕ್ಕೇ. ಓಟದ ನಡುವೆ ಟೈಮಿಂಗ್ ಕಡತ ತೆರೆದು ನಾನ್‌ಲೀನಿಯರ್ ಸಂವಹನದ ಕಾಲಂ ನೋಡಿ. ಲೆಕ್ಕದ ಕಾಲಂಗಿಂತ ಅದೇ ದೊಡ್ಡದಿದ್ದರೆ ಇನ್ನಷ್ಟು ನೋಡ್ ಸುರಿದು ಪ್ರಯೋಜನವಿಲ್ಲ, ಎಲ್ಲರೂ ಎಲ್ಲರೊಂದಿಗೆ ಮಾತಾಡುವ ಎಂಪಿಐ ಕರೆಗಳಲ್ಲಿ ನೆಟ್‌ವರ್ಕ್ ಸೋತಿದೆ ಎಂದರ್ಥ.

ಮ್ಯಾನ್ಯುಯಲ್ ಓದಿದ ಮಾತ್ರಕ್ಕೆ ಹೊಳೆಯದ ಒಂದು ವಿಷಯ ಕಾಲದ ಹೆಜ್ಜೆಯದ್ದು. ಚಲಿಸುವ ಎಲೆಕ್ಟ್ರಾನ್ ಇಟ್ಟು, ಕಾಂತಕ್ಷೇತ್ರದ ಏರಿಳಿತ ಬೇಡವೆಂದು ಎನ್_ಫೀಲ್ಡ್ 1 ಮಾಡುವವರು ಹೆಚ್ಚು. ಲೆಕ್ಕ ಹಗುರವಾಗುತ್ತದೆ ಎಂಬ ಆಸೆ. ಆಗುವುದು ಉಲ್ಟಾ. ಪೂರಾ ಎಲೆಕ್ಟ್ರೋಸ್ಟ್ಯಾಟಿಕ್ ಮಿತಿಯಲ್ಲಿ ಒಮೆಗಾ-ಎಚ್ ಎಂಬ ಅತಿವೇಗದ ಅಲೆ ಹುಟ್ಟಿಕೊಳ್ಳುತ್ತದೆ. ಅಡ್ಡ ತರಂಗಸಂಖ್ಯೆ ಸಣ್ಣದಾದಷ್ಟೂ ಅದರ ಆವರ್ತನ ಏರುತ್ತದೆ, ಆದ್ದರಿಂದ ಪೆಟ್ಟಿಗೆ ದೊಡ್ಡದು ಮಾಡಿದಷ್ಟೂ ಹೆಜ್ಜೆ ಕುಗ್ಗಿಸಬೇಕಾಗುತ್ತದೆ. ಎನ್_ಫೀಲ್ಡ್ 2 ಮಾಡಿ, ಸಣ್ಣದಾದರೂ ಸೊನ್ನೆಯಲ್ಲದ ಬೀಟಾ (ಪ್ಲಾಸ್ಮಾ ಒತ್ತಡಕ್ಕೂ ಕಾಂತ ಒತ್ತಡಕ್ಕೂ ಇರುವ ಅನುಪಾತ) ಕೊಟ್ಟರೆ ಆ ಅಲೆ ತಣ್ಣಗಾಗಿ 0.01ರ ಆಸುಪಾಸಿನ ಹೆಜ್ಜೆಯಲ್ಲಿ ಓಟ ನಡೆಯುತ್ತದೆ. ಬೀಟಾ ಏರಿಸುತ್ತ ಹೋದರೆ ಇನ್ನೊಂದು ಗುಂಡಿ. ಒಂದು ಮಿತಿಯಾಚೆ ಜೋನಲ್ ಪ್ರವಾಹಗಳು (ಸುಳಿಗಳಿಂದಲೇ ಹುಟ್ಟಿ ಅವನ್ನೇ ಕತ್ತರಿಸುವ ಹರಿವು) ಸುಳಿಗಳನ್ನು ಹಿಡಿದಿಡಲಾರದೆ ಫ್ಲಕ್ಸ್ ತಡೆಯಿಲ್ಲದೆ ಓಡುತ್ತದೆ. ಹೆಜ್ಜೆ ಚಿಕ್ಕದು ಮಾಡಿದರೂ ಜಾಲರಿ ದಟ್ಟಗೊಳಿಸಿದರೂ ನಿಲ್ಲದಿದ್ದರೆ ಅದು ಸಂಖ್ಯಾದೋಷ ಅಲ್ಲ, ಇಳಿಜಾರು ಮತ್ತು ಬೀಟಾ ಎರಡನ್ನೂ ಪ್ರಯೋಗದ ದತ್ತಾಂಶದೊಂದಿಗೆ ಮತ್ತೊಮ್ಮೆ ತಾಳೆ ನೋಡಬೇಕು.

ಸರಾಸರಿ ತೆಗೆಯುವಲ್ಲಿ ಅವಸರ ಬೇಡ. ಮೊದಲ ಏರಿಕೆ ಯಾವಾಗಲೂ ಅತಿಯಾಗಿರುತ್ತದೆ, ಆಮೇಲೆ ಜೋನಲ್ ಪ್ರವಾಹ ಬೆಳೆದು ಹತೋಟಿಗೆ ತರುತ್ತದೆ. ಪ್ಲಾಟ್ ಸಾಧನ ತಾನಾಗಿ ಕೊನೆಯ ಅರ್ಧವನ್ನು ಸರಾಸರಿ ಮಾಡುತ್ತದೆ. ಆ ಅರ್ಧವನ್ನೇ ಮೂರ್ನಾಲ್ಕು ತುಂಡು ಮಾಡಿ, ತುಂಡುಗಳ ಸರಾಸರಿ ಒಂದಕ್ಕೊಂದು ಹೊಂದುತ್ತವೆಯೇ ನೋಡುವುದು ನಿಮ್ಮ ಕೆಲಸ. ಕೊನೆಯ ಕೆವೈಗಳಲ್ಲಿ ಫ್ಲಕ್ಸ್ ರಾಶಿ ಬಿದ್ದಿದ್ದರೆ ಎನ್_ಟೊರಾಯ್ಡಲ್ ಸಾಲಲಿಲ್ಲ ಎಂದೇ ಲೆಕ್ಕ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಒಂದು ಮೂಲಭೂತ ಅನಾನುಕೂಲ ಉಳಿಯುತ್ತದೆ. ಇದು ಇಳಿಜಾರು ಕೊಟ್ಟರೆ ಶಾಖ ಪ್ರವಾಹ ಹೇಳುವ ಯಂತ್ರ. ಯಂತ್ರ ಕಟ್ಟುವವರ ಪ್ರಶ್ನೆ ತದ್ವಿರುದ್ಧ: ಇಷ್ಟು ಶಾಖ ಸುರಿಯುತ್ತೇವೆ, ಇಳಿಜಾರು ಎಷ್ಟು ನಿಲ್ಲುತ್ತದೆ? ಸಂಬಂಧ ಎಷ್ಟು ಬಿಗಿಯೆಂದು ನೋಡಲು 2000ರಲ್ಲಿ ಡಿಮಿಟ್ಸ್ ಮತ್ತು ಸಂಗಡಿಗರು ಸೈಕ್ಲೋನ್ ಕೇಸ್‌ಗೆ ಕೊಟ್ಟ ಸೂತ್ರವೇ ಸಾಕು. ಅವರ ಮಾನದಲ್ಲಿ ಶಾಖ ಪ್ರಸರಣಾಂಕ ಎಂದರೆ 1ರಿಂದ 6.0×ಎಲ್‌ಟಿ/ಆರ್ ಕಳೆದು 15.4ರಿಂದ ಗುಣಿಸಿದ್ದು. ಇಳಿಜಾರು 6.9 ಇದ್ದಾಗ ಉತ್ತರ 2.0. ಶೇ 10 ಏರಿಸಿ 7.59 ಮಾಡಿ, 3.2 ಆಗುತ್ತದೆ. ಪ್ರವಾಹ ಎಂದರೆ ಇದನ್ನು ಮತ್ತೆ ಇಳಿಜಾರಿನಿಂದ ಗುಣಿಸಿದ್ದು, ಆದ್ದರಿಂದ ಒಟ್ಟು ಏರಿಕೆ ಶೇ 75 ದಾಟುತ್ತದೆ. ಪ್ರಯೋಗದಲ್ಲಿ ಅಳೆದ ಇಳಿಜಾರಿನಲ್ಲಿ ಶೇ 10 ತಪ್ಪು ಇರುವುದು ಮಾಮೂಲು. ಹಾಗಿರುವಾಗ ಒಂದೇ ಓಟ ಮಾಡಿ ಫ್ಲಕ್ಸ್ ಹೊಂದಲಿಲ್ಲ ಎಂದು ಕೋಡ್ ಮೇಲೆ ಗೂಬೆ ಕೂರಿಸುವುದಾಗಲಿ, ಹೊಂದಿತು ಎಂದು ಬೀಗುವುದಾಗಲಿ ಎರಡೂ ಸಲ್ಲ. ಪ್ರತಿಯೊಂದು ಇಳಿಜಾರಿಗೂ ಸ್ಕೇಲ್ ಅಂಶ ಕೊಡುವ ಸಾಲುಗಳು ಇನ್‌ಪುಟ್‌ನಲ್ಲೇ ಇವೆ, 0.9, 1.0, 1.1 ಹಾಕಿ ಮೂರು ಓಟ ಮಾಡಿದರೆ ಚಿತ್ರ ಸ್ಪಷ್ಟ. ಫಲಿತಾಂಶವನ್ನು ಭೌತಿಕ ಮಾನಕ್ಕೆ ತರುವಾಗಲೂ ಎಚ್ಚರ: ಜೈರೋಬೋಮ್ ಮಾನ (ಕೋಡ್ ಶಾಖ ಪ್ರವಾಹವನ್ನು ಅಳೆಯುವ ಘಟಕ) ತಾಪಮಾನದ ಎರಡೂವರೆ ಘಾತದಂತೆ ಹೋಗುತ್ತದೆ, ಎಲೆಕ್ಟ್ರಾನ್ ತಾಪಮಾನದಲ್ಲಿ ಶೇ 10 ತಪ್ಪು ಎಂದರೆ ಮೆಗಾವ್ಯಾಟ್‌ನಲ್ಲಿ ಶೇ 27.

ತಿರುಗಿದ ಪ್ರಶ್ನೆಗೆ ಉತ್ತರ ಬೇಕಾದವರು ದಿನನಿತ್ಯ ಬಳಸುವುದು ಅದೇ ಕಂತೆಯ ಟಿಜಿಎಲ್‌ಎಫ್ ಎಂಬ ಹಗುರ ಮಾದರಿಯನ್ನು. ಅದರ ಸ್ಯಾಚುರೇಷನ್ ಸೂತ್ರಗಳನ್ನು (ಸುಳಿಗಳು ಎಷ್ಟು ಬೆಳೆದು ನಿಲ್ಲುತ್ತವೆ ಎಂದು ಹೇಳುವವು) ಪಳಗಿಸಿದ್ದು ಇಂಥ ಭಾರೀ ಓಟಗಳ ಮೇಲೆಯೇ. ಪೋರ್ಟಲ್ಸ್ ಎಂಬ ವಿಧಾನ ನಡುವಿನ ದಾರಿ: ಸಿಜೈರೋವನ್ನೇ ಓಡಿಸಿ, ಗೌಸಿಯನ್ ಪ್ರೊಸೆಸ್ ಮಾದರಿಯಿಂದ ಮುಂದಿನ ಇಳಿಜಾರು ಊಹಿಸಿ, ಓಟಗಳ ಸಂಖ್ಯೆ ತಗ್ಗಿಸುತ್ತದೆ. ಸ್ಪಾರ್ಕ್ ಟೋಕಮಾಕ್‌ನ ಮುನ್ನಂದಾಜಿಗೆ ಇದನ್ನು ಬಳಸಿದ್ದಾರೆ.

ಯಾರು ಕೊಳ್ಳಬಾರದು? ಕೊಳ್ಳುವ ಮಾತೆಲ್ಲಿ ಬಂತು, ಬಿಟ್ಟಿ ಕೋಡ್. ಆದರೂ ತಿರುಚಿದ ಕಾಂತಗಳ ಯಂತ್ರವಾದ ಸ್ಟೆಲರೇಟರ್‌ನವರಿಗೆ ಇದು ಒಗ್ಗದು, ಸ್ಟೆಲ್ಲಾ ಅಥವಾ ಜಿಎಕ್ಸ್ ಕಡೆ ನೋಡಬೇಕು. ತೆರೆದ ಕಾಂತರೇಖೆಗಳಿರುವ ಹೊರ ಅಂಚಿಗೆ ಎಕ್ಸ್‌ಜಿಸಿಯಂಥವು ಬೇಕು. ಸುಳಿಯ ಗಾತ್ರಕ್ಕೆ ಹೋಲಿಸಿದರೆ ಯಂತ್ರವೇ ಚಿಕ್ಕದಾಗಿರುವಲ್ಲಿ ಸ್ಥಳೀಯ ಅಂದಾಜು ಮುರಿಯುತ್ತದೆ.

ಬಹುಮಾಪನ ಓಟದ ಆಸೆ ಇರುವವರು ಮಾತ್ರ ಒಮ್ಮೆ ನಿಲ್ಲಬೇಕು. ಅಯಾನ್ ಮತ್ತು ಎಲೆಕ್ಟ್ರಾನ್ ಸುಳಿಗಳ ಗಾತ್ರದ ನಡುವೆ ಸುಮಾರು 60 ಪಟ್ಟಿನ ಅಂತರ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಹಿಡಿಯಲು ಆಲ್ಕೇಟರ್ ಸಿ-ಮಾಡ್ ಎಂಬ ಟೋಕಮಾಕ್‌ನ ಪ್ಲಾಸ್ಮಾಕ್ಕೆ ಹಳೆಯ ಜೈರೋದಲ್ಲಿ ನಡೆದ ಒಂದೊಂದು ಓಟಕ್ಕೂ 17,000 ಪ್ರೊಸೆಸರ್‌ಗಳ ಮೇಲೆ 37 ದಿನ, ಅಂದರೆ ಸುಮಾರು ಒಂದೂವರೆ ಕೋಟಿ ಗಂಟೆ ಹಿಡಿದಿತ್ತು. ಜಿಪಿಯು ಬಂದ ಮೇಲೆ ದಿನಗಳು ಇಳಿದಿವೆ, ಆದರೂ ಕೈಗೆ ಸಿಕ್ಕಿದ ಅಲೋಕೇಷನ್ (ಸೂಪರ್‌ಕಂಪ್ಯೂಟರ್ ಸಮಯದ ಪಾಲು) ಒಂದೇ ಓಟಕ್ಕೆ ಕರಗುವ ಅಪಾಯ ಇದ್ದೇ ಇದೆ. ಅದಕ್ಕೆ ಮೊದಲು ಕೆವೈ 0.1ರಿಂದ 40ರವರೆಗೆ ಇಪ್ಪತ್ತು ಲೀನಿಯರ್ ಓಟ ಮಾಡಿ, ಬೆಳವಣಿಗೆ ದರವನ್ನು ಕೆವೈಯಿಂದ ಭಾಗಿಸಿ ಗೆರೆ ಎಳೆಯಿರಿ. ಎಲೆಕ್ಟ್ರಾನ್ ಕಡೆಯ ಶಿಖರ ಅಯಾನ್ ಕಡೆಯದಕ್ಕಿಂತ ಕೆಳಗಿದ್ದರೆ ಅಯಾನ್ ಮಾಪನದ ಓಟವೇ ಬಹುತೇಕ ಸಾಕು. ಮೇಲಿದ್ದರೆ ಮಾತ್ರ ಅಲೋಕೇಷನ್ ಅರ್ಜಿ ಬರೆಯಲು ಕೂರಿ.